33 ಗಂಟೆಯ ಕೂಸು, ಇವತ್ತೇ ಕರೆದುಕೊಂಡು ಹೋಗಿ ಅಂತಿದ್ದಾರೆ. ಹೋಗಬಹುದಾ?

ಕಾಫಿತೋಟದ ಮಾವ · ಸೋಮವಾರ ಬೆಳಿಗ್ಗೆ 8:10

ನನ್ನ ತಂಗಿಗೆ ಶನಿವಾರ ರಾತ್ರಿ 11:20ಕ್ಕೆ ಹಾಸನದ ಒಂದು ನರ್ಸಿಂಗ್ ಹೋಮ್‌ನಲ್ಲಿ ಹೆಣ್ಣು ಮಗು ಆಯಿತು. ನಾರ್ಮಲ್ ಹೆರಿಗೆ, ದಿನ ತುಂಬಿತ್ತು. ತೂಕ 2.9 ಕೆಜಿ. ಹುಟ್ಟಿದ ಕೂಡಲೇ ಅತ್ತಿತು, ಎಲ್ಲ ಚೆನ್ನಾಗಿದೆ ಅಂದರು. ಈಗ ಸಿಸ್ಟರ್ ಬಂದು "11 ಗಂಟೆಗೆ ಡಿಸ್ಚಾರ್ಜ್, ಬಿಲ್ ಕಟ್ಟಿಬಿಡಿ" ಅಂತ ಹೇಳಿ ಹೋದರು. ಲೆಕ್ಕ ಹಾಕಿದರೆ ಮಗುವಿಗೆ ಇನ್ನೂ 33 ಗಂಟೆ.

ನಮ್ಮ ಮನೆ ಹಾನುಬಾಳಿನ ಆಚೆ, ತೋಟದೊಳಗೆ. ಹಾಸನದಿಂದ ಸಕಲೇಶಪುರಕ್ಕೇ 40 ಕಿಲೋಮೀಟರ್, ಅಲ್ಲಿಂದ ಮುಂದೆ ನಮ್ಮ ದಾರಿ. ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಕರೆಂಟ್ ಬಂದರೆ ಬಂತು.

ಅಜ್ಜಿಗೆ ಮಾತ್ರ ಇವತ್ತೇ ಹೊರಡಬೇಕು. ನಾಳೆ ಮಂಗಳವಾರ, ನಾಡಿದ್ದು ಅಮಾವಾಸ್ಯೆ. ಹಸಿಬಾಣಂತಿ, ಕೂಸು ಎರಡೂ ದಿನ ಹೊಸ್ತಿಲು ದಾಟಬಾರದಂತೆ. ಡಾಕ್ಟ್ರು, ಅಜ್ಜಿ ಇಬ್ಬರೂ ಒಂದೇ ಕಡೆ ಆಗಿರುವುದು ನಮ್ಮ ಮನೆಯ ಇತಿಹಾಸದಲ್ಲಿ ಇದೇ ಮೊದಲು. ನನಗೊಬ್ಬನಿಗೇ ಯಾಕೋ ಸಮಾಧಾನ ಇಲ್ಲ. ತಂಗಿ ಹೇಳುತ್ತಾಳೆ, ಮಗು ಎರಡು ಸಲ ಎಳೆಯುತ್ತೆ, ಆಮೇಲೆ ನಿದ್ದೆ ಹೋಗುತ್ತೆ ಅಂತ. ಇದು ಮಾಮೂಲಾ? ಗೊತ್ತಿರುವವರು ಹೇಳಿ, 11ರೊಳಗೆ.

ಬಸ್ ಸ್ಟ್ಯಾಂಡ್ ಬೋಂಡ · 8:16

ಮೊದಲು ಸಿಹಿ ಎಲ್ಲಿ ಮಾವನವರೇ? ಉಳಿದದ್ದಕ್ಕೆ ತಿಳಿದವರು ಬರುತ್ತಾರೆ, ತಾಳಿ.

ರಾತ್ರಿ ಪಾಳಿ ಸಿಸ್ಟರ್ · 8:31

ಈಗಷ್ಟೇ ಡ್ಯೂಟಿ ಮುಗಿಸಿ ಬಂದೆ. ನಾನು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡ್‌ನವಳು, ಹಾಸನ ಜಿಲ್ಲೆಯಲ್ಲೇ. ನಮ್ಮಲ್ಲಿ ನಾರ್ಮಲ್ ಹೆರಿಗೆಗೆ 48 ಗಂಟೆ ಇಟ್ಟುಕೊಳ್ಳಬೇಕು ಅಂತ ಇದೆ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ 24 ಗಂಟೆ ಅನ್ನುತ್ತದೆ. ಹಾಗಾಗಿ 33 ಗಂಟೆಗೆ ಕಳಿಸಿದರೆ ದೊಡ್ಡ ಅಪರಾಧ ಅಂತ ನಾನು ಹೇಳಲ್ಲ. ಬೆಡ್ ಸಾಲದಿದ್ದರೆ ನಾವೂ ಬೇಗ ಕಳಿಸಿದ್ದೇವೆ, ಸುಳ್ಳು ಯಾಕೆ ಹೇಳಲಿ.

ಆದರೆ ಗಂಟೆಗಿಂತ ಮುಖ್ಯ ಹಾಲು. ಹೊರಡುವ ಮುಂಚೆ ಸಿಸ್ಟರ್ ಒಬ್ಬರು ಪಕ್ಕದಲ್ಲಿ ನಿಂತು ಮಗು ಹಾಲು ಕುಡಿಯುವುದನ್ನು ಕಣ್ಣಾರೆ ನೋಡಿರಬೇಕು, ಒಂದಲ್ಲ ಎರಡು ಸಲ. "ಕುಡೀತಾ?" ಅಂತ ಬಾಗಿಲಲ್ಲಿ ನಿಂತು ಕೇಳಿ, "ಹೂಂ" ಅಂದ ತಕ್ಷಣ ಟಿಕ್ ಹಾಕುವುದಲ್ಲ. ಬಾಯಿ ದೊಡ್ಡದಾಗಿ ತೆರೆದಿರಬೇಕು, ಗದ್ದ ಎದೆಗೆ ತಾಗಿರಬೇಕು, ತೊಟ್ಟು ಮಾತ್ರ ಅಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಇರಬೇಕು. ಮೊದಲು ಪಟಪಟ ಚೀಪುತ್ತೆ, ಆಮೇಲೆ ನಿಧಾನಕ್ಕೆ ಎಳೆದು ನುಂಗುತ್ತೆ. ಆ ಗುಟುಕಿನ ಸದ್ದು ಕೇಳಿದರೆ ಅರ್ಧ ಚಿಂತೆ ಹೋಯಿತು. ಎರಡು ಸಲ ಎಳೆದು ನಿದ್ದೆ ಹೋಗುವುದು ಮೊದಲ ದಿನ ಮಾಮೂಲು. ಎರಡನೇ ದಿನವೂ ಬರೀ ಅದೇ ಆದರೆ ನಾನಾಗಿದ್ದರೆ ಕಳಿಸುವುದಿಲ್ಲ.

ಅಮಾವಾಸ್ಯೆ ವಿಷಯ ಬಿಡಿ. ಅಮಾವಾಸ್ಯೆ ಹಿಂದಿನ ದಿನ ನಮ್ಮ ವಾರ್ಡ್ ಖಾಲಿ ಹೊಡೆಯುತ್ತೆ. ಕ್ಯಾಲೆಂಡರ್ ನೋಡಿಯೇ ಬೆಡ್ ಲೆಕ್ಕ ಹಾಕಬಹುದು.

ಅರಕಲಗೂಡು ಅಪ್ಪ · 8:52

ಮಾವನವರೇ, ನನ್ನ ಕಥೆ ಕೇಳಿ, ಆಮೇಲೆ ಬಿಲ್ ಕಟ್ಟಿ.

ನನ್ನ ಮಗ ಹುಟ್ಟಿದ್ದು ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೆಸರು ಬೇಡ. 3.1 ಕೆಜಿ, ಗುಂಡುಗುಂಡಗೆ ಇದ್ದ. 30 ಗಂಟೆಗೆ ಮನೆಗೆ ಕಳಿಸಿದರು. ನಮಗೂ ಖುಷಿ, ರೂಮ್ ಬಾಡಿಗೆ ಉಳಿಯಿತಲ್ಲ ಅಂತ. ಯಾವಾಗ ಮತ್ತೆ ಬರಬೇಕು ಅಂತ ಕೇಳಿದ್ದಕ್ಕೆ "ಒಂದೂವರೆ ತಿಂಗಳಿಗೆ ಚುಚ್ಚುಮದ್ದಿಗೆ ಬನ್ನಿ" ಅಂದರು. ಅಷ್ಟೇ.

ಮನೆಯಲ್ಲಿ ಮೂರು ದಿನ ಮಗು ಅತ್ತಿದ್ದೇ ಕಮ್ಮಿ. ಬಂದವರೆಲ್ಲ ಹೊಗಳಿದರು. "ಎಂಥ ಸಾಧು ಮಗು ಕಣ್ರೀ, ಇದೆ ಅಂತಾನೇ ಗೊತ್ತಾಗಲ್ಲ." ನಾವೂ ಬೀಗಿದೆವು. ಐದನೇ ದಿನ ನನ್ನ ಅತ್ತಿಗೆ ಬಂದರು. ತೊಟ್ಟಿಲು ಇದ್ದದ್ದು ಒಳಕೋಣೆಯಲ್ಲಿ, ಟ್ಯೂಬ್‌ಲೈಟ್ ಬೆಳಕು. ಅವರು ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದು, ಮೂಗಿನ ಮೇಲೆ ಬೆರಳು ಒತ್ತಿ ತೆಗೆದರು. ಬೆರಳಿಟ್ಟ ಜಾಗ ಅರಿಶಿನ. ಎದೆ ಒತ್ತಿದರು, ಅಲ್ಲೂ ಹಾಗೇ. ಅಂಗಾಲು ತಿರುಗಿಸಿ ನೋಡಿದರು. ಅಲ್ಲೂ ಹಳದಿ. ಅವರ ಮುಖ ನೋಡಿ ನನಗೆ ಕಾಲು ನಡುಗಿತು.

ಆಸ್ಪತ್ರೆಗೆ ಓಡಿದೆವು. ತೂಕ 2.7. ನಾಲ್ಕು ನೂರು ಗ್ರಾಂ ಇಳಿದಿತ್ತು. ರಕ್ತದಲ್ಲಿ ಕಾಮಾಲೆ ಎಷ್ಟಿದೆ ಅಂತ ಹೇಳುವ ಬಿಲಿರುಬಿನ್ 22. ಮಗು ಸಾಧುವಾಗಿದ್ದದ್ದಲ್ಲ, ಅಳುವುದಕ್ಕೂ ಶಕ್ತಿ ಇರಲಿಲ್ಲ. ಮೂರು ದಿನ ನೀಲಿ ಲೈಟಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರು. ಈಗ ಅವನಿಗೆ ಐದು ವರ್ಷ, ಬೀದಿಯವರಿಗೆಲ್ಲ ಕೇಳುವಷ್ಟು ಕಿರುಚುತ್ತಾನೆ. ನಾನು ಸುಮ್ಮನಿರು ಅನ್ನುವುದಿಲ್ಲ.

ಕಡೂರು ಕಾಯಿ · 9:05

ಏನೇ ಹೇಳಿ, ಹೆದರಿಸುವುದು ಜಾಸ್ತಿ ಆಯಿತು. ನಮ್ಮಮ್ಮ ಆರು ಜನರನ್ನು ಮನೆಯಲ್ಲೇ ಹೆತ್ತಳು. ಯಾರು ಗಂಟೆ ಲೆಕ್ಕ ಇಟ್ಟಿದ್ದರು? ಇವತ್ತು ಒಂದು ದಿನ ಜಾಸ್ತಿ ಇಟ್ಟುಕೊಂಡರೆ ಬಿಲ್‌ಗೆ ಅಂತೀರಿ, ಬೇಗ ಕಳಿಸಿದರೆ ಬೇಜವಾಬ್ದಾರಿ ಅಂತೀರಿ. ಡಾಕ್ಟ್ರು ಏನು ಮಾಡಬೇಕು?

ರಾತ್ರಿ ಪಾಳಿ ಸಿಸ್ಟರ್ · 9:11

ಅಣ್ಣ, ನಿಮ್ಮಮ್ಮ ಎಷ್ಟು ಹೆತ್ತರು, ಎಷ್ಟು ಉಳಿದವು ಅಂತ ಒಂದು ಸಲ ಕೇಳಿ ನೋಡಿ. ಆ ಕಾಲದ ಅಮ್ಮಂದಿರು ಉಳಿದದ್ದನ್ನು ಮಾತ್ರ ಎಣಿಸುತ್ತಾರೆ.

ಕಡೂರು ಕಾಯಿ · 9:26

ಫೋನ್ ಮಾಡಿ ಕೇಳಿದೆ. ಎಂಟು ಅಂದರು. ನನಗೆ ಗೊತ್ತೇ ಇರಲಿಲ್ಲ.

ಮಕ್ಕಳ ಡಾಕ್ಟ್ರು, ಚಿಕ್ಕಮಗಳೂರು · 9:34

ಓಪಿಡಿ ಶುರುವಾಗುವ ಮುಂಚೆ ಬೇಗ ಬರೆಯುತ್ತೇನೆ. ಮಗುವನ್ನು ನೋಡದೆ ಹೋಗಿ, ಇರಿ ಎರಡೂ ಹೇಳಲಾರೆ. ಆದರೆ ಏನು ಕೇಳಬೇಕು ಅಂತ ಹೇಳಬಲ್ಲೆ.

ಮೊದಲನೇ ಪ್ರಶ್ನೆ: ತಾಯಿಯ ರಕ್ತದ ಗುಂಪು ಯಾವುದು? ತಾಯಿ ಕಾರ್ಡ್‌ನಲ್ಲಿ ಬರೆದಿರುತ್ತದೆ. ಅದು ಓ ಆಗಿದ್ದು ಮಗುವಿನದು ಎ ಅಥವಾ ಬಿ ಆಗಿದ್ದರೆ, ಇಲ್ಲವೇ ತಾಯಿ ನೆಗೆಟಿವ್ ಆಗಿ ಮಗು ಪಾಸಿಟಿವ್ ಆಗಿದ್ದರೆ, ಕಾಮಾಲೆ ಬೇಗ ಏರುವ ಸಾಧ್ಯತೆ ಇದೆ. ಮಗು ಪಾಸಿಟಿವ್ ಆಗಿದ್ದರೆ ನೆಗೆಟಿವ್ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕು, ಅದನ್ನೂ ಮರೆಯಬೇಡಿ.

ಎರಡನೆಯದು, ಇವತ್ತಿನ ತೂಕ. ಎಲ್ಲ ಮಕ್ಕಳೂ ಮೊದಲು ಸ್ವಲ್ಪ ಇಳಿಯುತ್ತವೆ, ಹತ್ತು ಹದಿನಾಲ್ಕು ದಿನದಲ್ಲಿ ಹುಟ್ಟಿದ ತೂಕಕ್ಕೆ ವಾಪಸ್ ಬರುತ್ತವೆ. ನೂರಕ್ಕೆ ಏಳು ದಾಟಿದರೆ ಹಾಲುಣಿಸುವುದನ್ನು ಕೂತು ನೋಡಬೇಕು. ಹತ್ತು ದಾಟಿದರೆ ಕಳಿಸುವ ಮಾತೇ ಇಲ್ಲ. ಅರಕಲಗೂಡಿನವರ ಮಗು ನೂರಕ್ಕೆ ಹದಿಮೂರರಷ್ಟು ಇಳಿದಿತ್ತು, ಲೆಕ್ಕ ಮಾಡಿ ನೋಡಿ.

ಉಳಿದದ್ದು ನಿಮ್ಮ ಆಸ್ಪತ್ರೆಯವರು ಮಾಡಿರುತ್ತಾರೆ, ಆದರೂ ಕೇಳಿ. ಉಚ್ಚೆ ಮಾಡಿದೆಯಾ, ಕಪ್ಪು ಕಕ್ಕ ಹೋಗಿದೆಯಾ. ಬಹಳಷ್ಟು ಮಕ್ಕಳು ಎರಡನ್ನೂ 24 ಗಂಟೆಯೊಳಗೆ ಮಾಡುತ್ತವೆ. ನಿಮಿಷಕ್ಕೆ ಉಸಿರು 60ಕ್ಕಿಂತ ಕಮ್ಮಿ ಇರಬೇಕು. ಮಾಮೂಲಿ ಬಟ್ಟೆಯಲ್ಲಿ ಸುತ್ತಿದಾಗ ಮೈ ಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಿಲ್ಲಬೇಕು. ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗಿನ ಹೆಪಟೈಟಿಸ್ ಬಿ, ವಿಟಮಿನ್ ಕೆ ಇವೆಲ್ಲ ಆಗಿರಬೇಕು. 24 ಗಂಟೆ ಆದ ಮೇಲೆ ಬಲಗೈ ಮತ್ತು ಒಂದು ಕಾಲಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡಿದರೆ ಹೊರಗೆ ಕಾಣದ ಕೆಲವು ಹೃದಯದ ತೊಂದರೆಗಳು ಸಿಕ್ಕಿಬೀಳುತ್ತವೆ. ಎರಡು ನಿಮಿಷದ ಕೆಲಸ, ದುಡ್ಡಿಲ್ಲ, ಆದರೂ ಎಲ್ಲ ಕಡೆ ಮಾಡುವುದಿಲ್ಲ ಅನ್ನುವುದು ನನ್ನ ಕೊರಗು. ಹಿಮ್ಮಡಿ ಚುಚ್ಚಿ ಮಾಡುವ ಥೈರಾಯ್ಡ್ ಪರೀಕ್ಷೆ ಇಷ್ಟು ಬೇಗ ಮಾಡಿದರೆ ಸರಿಯಾಗಿ ತಿಳಿಯುವುದಿಲ್ಲ, 48 ಗಂಟೆ ದಾಟಿದ ಮೇಲೆ ಮಾಡಿಸಿ.

ಮುಖ್ಯ ಮಾತು. ತಿಂಗಳು ತುಂಬಿದ ಮಕ್ಕಳಲ್ಲಿ ಕಾಮಾಲೆ ಜಾಸ್ತಿ ಏರುವುದು ಮೂರರಿಂದ ಐದನೇ ದಿನ. ನೀವು ಎರಡನೇ ದಿನ ಹೊರಟರೆ ಅದು ಏರುವ ಹೊತ್ತಿಗೆ ಮಗು ಹಾನುಬಾಳಿನಲ್ಲಿರುತ್ತದೆ, ನೋಡುವವರು ಹಾಸನದಲ್ಲಿರುತ್ತಾರೆ. ಹಾಸನದ ಪಕ್ಕದ ಬೀದಿಯವರಿಗೆ ನಾನು "ಹೋಗಿ, ಬುಧವಾರ ತೋರಿಸಿ" ಅನ್ನುತ್ತಿದ್ದೆ. ನಿಮಗೆ ಹಾಗೆ ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಕಾಫಿತೋಟದ ಮಾವ · 9:58

ಡಾಕ್ಟ್ರೇ, ತುಂಬ ಉಪಕಾರ. ತಾಯಿ ಕಾರ್ಡ್ ನೋಡಿದೆ. ತಂಗಿ ಓ ಪಾಸಿಟಿವ್. ಭಾವ ಬಿ ಪಾಸಿಟಿವ್. ಮಗುವಿನದು ನೋಡಿಲ್ಲ ಅಂದರು! ತೂಕ ಈಗ ಹಾಕಿಸಿದೆ, 2.74. ಉಚ್ಚೆ ಎರಡು ಸಲ, ಕಕ್ಕ ಮೂರು ಸಲ. ಉಸಿರು ಎಣಿಸಿದೆ, 44 ಬಂತು, ಎರಡು ಸಲ ಎಣಿಸಿದೆ. ರಕ್ತದ ಗುಂಪು, ಬಿಲಿರುಬಿನ್ ಎರಡೂ ಮಾಡಿಸಿ ಅಂತ ಕೇಳಿದ್ದೇನೆ. ಸಿಸ್ಟರ್ "ಇವನೊಬ್ಬ" ಅನ್ನುವ ಹಾಗೆ ನೋಡಿದರು. ಪರವಾಗಿಲ್ಲ.

ಮಕ್ಕಳ ಡಾಕ್ಟ್ರು, ಚಿಕ್ಕಮಗಳೂರು · 10:02

ತೂಕ ನೂರಕ್ಕೆ ಐದೂವರೆ ಇಳಿದಿದೆ, ಅದಕ್ಕೆ ಹೆದರಬೇಡಿ. ಗುಂಪು ಬರುವವರೆಗೆ ಹೊರಡಬೇಡಿ. ಬಿಲಿರುಬಿನ್ ಬಂದಾಗ ಬರೀ ನಂಬರ್ ಬರೆದುಕೊಳ್ಳಬೇಡಿ, ರಕ್ತ ತೆಗೆದಾಗ ಮಗುವಿಗೆ ಎಷ್ಟು ಗಂಟೆ ಅಂತಲೂ ಬರೆದುಕೊಳ್ಳಿ. 30 ಗಂಟೆಗೆ 12 ಬಂದರೆ ಒಂದು ಅರ್ಥ, 90 ಗಂಟೆಗೆ 12 ಬಂದರೆ ಬೇರೆಯೇ ಅರ್ಥ.

ನ್ಯೂಜೆರ್ಸಿ ಗೌಡ · 10:20

ನಮ್ಮೂರು ಚನ್ನರಾಯಪಟ್ಟಣ, ಈಗ ಇಲ್ಲಿದ್ದೇನೆ. ಅಮೆರಿಕದಲ್ಲೂ ಇದೇ ಗಲಾಟೆ ನಡೆದಿತ್ತು. ತೊಂಬತ್ತರ ದಶಕದಲ್ಲಿ ಇನ್ಶೂರೆನ್ಸ್ ಕಂಪನಿಗಳು ದುಡ್ಡು ಉಳಿಸಲು ಬಾಣಂತಿಯನ್ನು ಒಂದೇ ದಿನಕ್ಕೆ ಮನೆಗೆ ಕಳಿಸುವ ಹಾಗೆ ಮಾಡಿದ್ದವು. ಜನ ಕೂಗಾಡಿದ ಮೇಲೆ 1996ರಲ್ಲಿ ಕಾನೂನು ಬಂತು. ನಾರ್ಮಲ್ ಹೆರಿಗೆಗೆ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆ, ಅಲ್ಲಿಯವರೆಗಿನ ಖರ್ಚನ್ನು ಇನ್ಶೂರೆನ್ಸ್ ಕೊಡಲೇಬೇಕು. ಇರಲೇಬೇಕು ಅಂತೇನಿಲ್ಲ, ತಾಯಿ ಮತ್ತು ಡಾಕ್ಟ್ರು ಒಪ್ಪಿದರೆ ಮೊದಲೇ ಹೋಗಬಹುದು. ಹಾಗೆ ಬೇಗ ಹೋದವರು ಮತ್ತೆ ಎರಡು ದಿನದೊಳಗೆ ಮಗುವನ್ನು ತೋರಿಸಬೇಕು ಅಂತ ಇಲ್ಲಿನ ಮಕ್ಕಳ ಡಾಕ್ಟ್ರುಗಳ ಸಂಘ ಹೇಳುತ್ತದೆ.

ನಮ್ಮ ಮಗಳು ಹುಟ್ಟಿದಾಗ ಕಾರಿನಲ್ಲಿ ಮಗುವಿನ ಸೀಟು ಇದೆಯಾ ಅಂತ ನರ್ಸ್ ಕೆಳಗೆ ಬಂದು ನೋಡಿಯೇ ಕಳಿಸಿದ್ದು. ಊರಲ್ಲಿ ನನ್ನನ್ನು ತಂದಿದ್ದು ಸೌತೆಕಾಯಿ ತುಂಬಿದ್ದ ಟೆಂಪೊದಲ್ಲಂತೆ.

ಕೈಚೀಲದ ಆಶಾ · 10:47

ನಾನು ಬೇಲೂರು ಕಡೆ ಆಶಾ ಕಾರ್ಯಕರ್ತೆ. ಒಂದು ವಿಷಯ ಯಾರೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆ ಆದ ಮಗುವನ್ನು ನಾವು 3, 7, 14, 21, 28, 42ನೇ ದಿನ ಮನೆಗೆ ಹೋಗಿ ನೋಡಬೇಕು. ತಕ್ಕಡಿ ತರುತ್ತೇವೆ, ಥರ್ಮಾಮೀಟರ್ ತರುತ್ತೇವೆ, ಒಂದು ನಿಮಿಷ ಉಸಿರು ಎಣಿಸುತ್ತೇವೆ. ಆದರೆ ಆಗುವುದೇನು? ಹೆಸರು ಬರೆಸಿರುವುದು ಗಂಡನ ಊರಿನಲ್ಲಿ. ಬಾಣಂತನ ತವರಲ್ಲಿ. ಗಂಡನ ಊರಿನ ಆಶಾ ಮೂರನೇ ದಿನ ಹೋಗಿ ಬೀಗ ನೋಡಿ ಬರುತ್ತಾಳೆ. ತವರಿನ ಆಶಾಗೆ ಇಂಥ ಮಗು ಬಂದಿದೆ ಅಂತಲೇ ಗೊತ್ತಿರುವುದಿಲ್ಲ. ಬೇಗ ಡಿಸ್ಚಾರ್ಜ್ ಆದವರಿಗೆ ಆ ಮೂರನೇ ದಿನದ ಭೇಟಿಯೇ ಆಧಾರ, ಅದೇ ತಪ್ಪಿಹೋಗುತ್ತೆ.

ಹಾಗಾಗಿ ಅಣ್ಣ, ಇವತ್ತೇ ನಿಮ್ಮ ಹಾನುಬಾಳು ಕಡೆಯ ಆಶಾಗೆ ಫೋನ್ ಮಾಡಿ. ನಂಬರ್ ಇಲ್ಲದಿದ್ದರೆ ಅಂಗನವಾಡಿ ಟೀಚರ್ ಹತ್ತಿರ ಇರುತ್ತೆ.

ಸರ್ಕಾರಿ ಆಸ್ಪತ್ರೆಗೆ ಹೋಗುವವರಿಗೆ ಇನ್ನೊಂದು ಮಾತು. ಊಟಕ್ಕೆ ಖರ್ಚಾಗುತ್ತೆ ಅಂತ ಬೇಗ ಹೊರಡಬೇಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ 2011ರಿಂದ ನಾರ್ಮಲ್ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ಊಟ ಫ್ರೀ. ಮನೆಗೆ ಬಿಡಲು ನಗು-ಮಗು ಗಾಡಿಯೂ ಫ್ರೀ. ಕೇಳಿದರೆ ಕೊಡುತ್ತಾರೆ. ಜನ ಕೇಳುವುದೇ ಇಲ್ಲ, ಆಟೊ ಹಿಡಿದು ಹೋಗಿಬಿಡುತ್ತಾರೆ.

ಮೂಡಿಗೆರೆ ಸೊಸೆ · 11:15

ನಮ್ಮದೂ ತೋಟದ ಮನೆಯೇ. ಎಲ್ಲರೂ ಆಸ್ಪತ್ರೆ ಇಲ್ಲವೇ ಮನೆ ಅಂತ ಎರಡೇ ಲೆಕ್ಕ ಹಾಕುತ್ತಿದ್ದೀರಿ. ನಾವು ಮೂರನೆಯದು ಮಾಡಿದೆವು. ಡಿಸ್ಚಾರ್ಜ್ ಆಗಿ ಚಿಕ್ಕಮಗಳೂರಿನಲ್ಲೇ ನಮ್ಮ ದೊಡ್ಡಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು, ಐದನೇ ದಿನ ತೋರಿಸಿ ಆಮೇಲೆ ಮೇಲಕ್ಕೆ ಹೋದೆವು. ಆಸ್ಪತ್ರೆ ಬಾಡಿಗೆಯೂ ಇಲ್ಲ, ಘಾಟಿ ಚಿಂತೆಯೂ ಇಲ್ಲ. ಹಾಸನದಲ್ಲಿ ನಿಮಗೆ ಯಾರೂ ಇಲ್ವಾ?

ಮನೆಗೆ ಹೋದ ಮೇಲೆ ಒಂದು ಎಚ್ಚರ. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಿಟಕಿ, ಬಾಗಿಲು ಮುಚ್ಚಬೇಡಿ. ಆ ಹೊಗೆ ಕಣ್ಣಿಗೆ ಕಾಣಲ್ಲ, ಪ್ರಾಣಕ್ಕೇ ಕುತ್ತು. ಚಳಿಯಾದರೆ ಕುಲಾವಿ, ಕಾಲುಚೀಲ ಹಾಕಿ, ಅಮ್ಮನ ಎದೆಗೆ ಮೈ ತಾಗಿಸಿ ಮಲಗಿಸಿ, ಮೇಲೆ ಕಂಬಳಿ. ನಮ್ಮತ್ತೆ ಮೊದಲು ಒಪ್ಪಲಿಲ್ಲ, ಆಮೇಲೆ "ಬೆಕ್ಕೂ ಹಂಗೇ ಮಲಗುತ್ತೆ" ಅಂತ ಒಪ್ಪಿದರು.

ಕಾಫಿತೋಟದ ಮಾವ · ಸೋಮವಾರ ಸಂಜೆ 5:40

ಮಗು ಬಿ ಪಾಸಿಟಿವ್. ಡಾಕ್ಟ್ರು ತಾವೇ ಬಂದು "ಇವತ್ತು ಇರಲಿ" ಅಂದರು. ಕೋಪ ಮಾಡಿಕೊಳ್ಳಲಿಲ್ಲ, ಅದನ್ನು ಹೇಳಬೇಕು. ಹಾಲಿನ ಕಥೆಯೂ ಸ್ವಲ್ಪ ಸರಿಯಾಯಿತು. ಮಧ್ಯಾಹ್ನದ ಪಾಳಿಯ ಸಿಸ್ಟರ್ ಒಬ್ಬರು ಅರ್ಧ ಗಂಟೆ ಕೂತು ತಂಗಿಯ ಬೆನ್ನಿಗೆ ದಿಂಬು ಕೊಟ್ಟು, ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವ ಹಾಗೆ ತಿರುಗಿಸಿದರು. ಅಷ್ಟೇ. ನಾನು ಪರದೆಯ ಆಚೆ ನಿಂತಿದ್ದೆ. ಗುಟುಕ್ ಗುಟುಕ್ ಅಂತ ಸದ್ದು ಅಲ್ಲಿಗೇ ಕೇಳಿಸಿತು.

ಅಜ್ಜಿ ಮಾತಾಡುತ್ತಿಲ್ಲ.

ಕಡೂರು ಕಾಯಿ · 6:02

ಒಂದು ಸಲಹೆ, ಬೈಯಬೇಡಿ. ಬೆಳಗಿನ ಬಿಸಿಲಿಗೆ ಹಿಡಿದರೆ ಕಾಮಾಲೆ ಇಳಿಯುತ್ತೆ ಅಂತಾರಲ್ಲ?

ಬಸ್ ಸ್ಟ್ಯಾಂಡ್ ಬೋಂಡ · 6:04

ಹಾನುಬಾಳಿನಲ್ಲಿ ಈ ತಿಂಗಳು ಬಿಸಿಲು! ಸಿಕ್ಕರೆ ನಮಗೂ ಒಂದು ಕೆಜಿ ಕಳಿಸಿ.

ಮಕ್ಕಳ ಡಾಕ್ಟ್ರು, ಚಿಕ್ಕಮಗಳೂರು · ರಾತ್ರಿ 9:15

ಬಿಸಿಲನ್ನು ನಂಬಿ ಕೂರಬೇಡಿ. ಎಷ್ಟು ಬೆಳಕು ಬಿತ್ತು ಅಂತ ಅಳತೆ ಇರುವುದಿಲ್ಲ, ಬಟ್ಟೆ ಬಿಚ್ಚಿ ಹಿಡಿದರೆ ಮಗು ತಣ್ಣಗಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ನಾಳೆ ಇಳಿಯುತ್ತೆ ನಾಡಿದ್ದು ಇಳಿಯುತ್ತೆ ಅಂತ ಎರಡು ದಿನ ಕಳೆದುಹೋಗುತ್ತದೆ. ಸಕ್ಕರೆ ನೀರು, ಜೇನುತುಪ್ಪವೂ ಬೇಡ. ಎದೆಹಾಲು ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ. ಕಾಮಾಲೆಯ ಬಣ್ಣ ಹೊರಗೆ ಹೋಗುವುದೇ ಕಕ್ಕದಲ್ಲಿ, ಹಾಲು ಹೊಟ್ಟೆಗೆ ಹೋದರೆ ತಾನೇ ಅದು ಹೊರಗೆ ಬರುವುದು.

ದಿನ ತುಂಬದೆ ಹುಟ್ಟಿದವರ ಮನೆಯವರು ಇದನ್ನು ಓದುತ್ತಿದ್ದರೆ, ನಿಮಗೆ ಈ ಲೆಕ್ಕ ಅಲ್ಲ. 35, 36 ವಾರದ ಮಗು ನೋಡಲು ಗಟ್ಟಿಯಾಗಿ ಕಂಡರೂ ಹಾಲು ಎಳೆಯಲು ಬೇಗ ಸುಸ್ತಾಗುತ್ತದೆ. ಅದನ್ನು ಒಂದೂವರೆ ದಿನಕ್ಕೆ ಕಳಿಸಿ ಅಂತ ನೀವಾಗಿ ಕೇಳಬೇಡಿ.

ಕಾಫಿತೋಟದ ಮಾವ · ಮಂಗಳವಾರ ಮಧ್ಯಾಹ್ನ 1:20

ಬೆಳಿಗ್ಗೆ 9ಕ್ಕೆ, ಅಂದರೆ 58 ಗಂಟೆಗೆ, ಬಿಲಿರುಬಿನ್ 11.8. ಲೈಟ್ ಬೇಡ, ಆದರೆ ನಾಳೆ ಮತ್ತೆ ನೋಡಬೇಕು ಅಂದರು. ಮೂಡಿಗೆರೆ ಅಕ್ಕ ಹೇಳಿದ ಹಾಗೆ ಮಾಡಿದೆವು. ಚಿಕ್ಕಮ್ಮನ ಮನೆ ಇಲ್ಲೇ ವಿದ್ಯಾನಗರದಲ್ಲಿದೆ, ಅಲ್ಲಿಗೆ ಬಂದಿದ್ದೇವೆ.

ಮಂಗಳವಾರ ಹೇಗೆ ಹೊರಟಿರಿ ಅಂತ ಕೇಳುತ್ತೀರಿ. ಅಜ್ಜಿಯೇ ದಾರಿ ಹುಡುಕಿದರು. "ಕೂಸು ಮನೆಗೆ ಹೋಗ್ತಾ ಇಲ್ಲವಲ್ಲ, ನೆಂಟರ ಮನೆಗೆ ಹೋಗ್ತಿದೆ. ಅದಕ್ಕೆ ವಾರ ಇಲ್ಲ."

ರಾತ್ರಿ ಪಾಳಿ ಸಿಸ್ಟರ್ · 1:44

ಅಜ್ಜಿಗೆ ನನ್ನ ನಮಸ್ಕಾರ. ಇದನ್ನು ವಾರ್ಡ್‌ನಲ್ಲಿ ಎಲ್ಲರಿಗೂ ಹೇಳುತ್ತೇನೆ.

ಮಕ್ಕಳ ಡಾಕ್ಟ್ರು, ಚಿಕ್ಕಮಗಳೂರು · 2:30

ಒಳ್ಳೆಯದಾಯಿತು. ಫ್ರಿಜ್ ಮೇಲೆ ಬರೆದು ಅಂಟಿಸಿ: ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಎದೆಗೂಡು ಒಳಗೆ ಸೆಳೆದರೆ, ಫಿಟ್ಸ್ ಬಂದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ತಾಯಿಗೆ ರಕ್ತಸ್ರಾವ ಜಾಸ್ತಿಯಾದರೂ, ಜ್ವರ ಬಂದರೂ ಅಷ್ಟೇ. ಎಲ್ಲರೂ ಕೂಸನ್ನೇ ನೋಡುತ್ತಾ ಬಾಣಂತಿಯನ್ನು ಮರೆಯುತ್ತಾರೆ.

ಕಾಫಿತೋಟದ ಮಾವ · ಶನಿವಾರ ರಾತ್ರಿ 8:35

ತಡವಾಯಿತು, ಹಾನುಬಾಳು ದಾಟಿದ ಮೇಲೆ ನೆಟ್‌ವರ್ಕ್ ಇರಲಿಲ್ಲ. ಈಗ ಮನೆ ಮೇಲಿನ ಗುಡ್ಡ ಹತ್ತಿ ಬರೆಯುತ್ತಿದ್ದೇನೆ, ಜಿಗಣೆ ಕಡಿಯುತ್ತಿವೆ.

ಬುಧವಾರ ಬಿಲಿರುಬಿನ್ 14.1 ಆಯಿತು. ಆ ರಾತ್ರಿ ನಾನು ಮಲಗಲಿಲ್ಲ. ಗುರುವಾರ 13.2, ಇಳಿಯಲು ಶುರುವಾಗಿದೆ, ಲೈಟ್ ಬೇಡ, ಹೋಗಿ ಅಂದರು. ತೂಕ 2.70 ಇತ್ತು. ಸಂಜೆ ಕತ್ತಲಾಗುವ ಮುಂಚೆ ಮನೆ ಸೇರಿದೆವು.

ಇವತ್ತು ಏಳನೇ ದಿನ ಅಂತ ನಮ್ಮೂರಿನ ಆಶಾ ಅಕ್ಕ ಮಳೆಯಲ್ಲೇ ಬಂದರು. ಛತ್ರಿ ಜಗಲಿಯಲ್ಲಿಟ್ಟು, ಕೈ ತೊಳೆದು, ಬಿಸಿನೀರಿನ ಹಂಡೆಯ ಹತ್ತಿರ ಕೈ ಕಾಯಿಸಿಕೊಂಡು ಆಮೇಲೆ ಮಗುವನ್ನು ಮುಟ್ಟಿದರು. ಜೋಳಿಗೆ ತಕ್ಕಡಿಯಲ್ಲಿ ಹಾಕಿದರೆ ಮಗು ಮನೆ ಹಾರಿಹೋಗುವ ಹಾಗೆ ಅತ್ತಿತು. 2.76. ಅಜ್ಜಿ "ಅಯ್ಯೋ ಕೂಸನ್ನು ಅಳಿಸ್ತೀರಲ್ಲ" ಅಂತ ಬೈಯುತ್ತಿದ್ದರು.

ಅರಕಲಗೂಡು ಅಪ್ಪನವರೇ, ನಾನು ಸುಮ್ಮನಿರು ಅನ್ನಲಿಲ್ಲ.